ಕಿವಿಗೆ ಸದ್ದು ರೂಢಿಯಾಗುತ್ತದೆಯೇ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮಕ್ಕಳೇ, ನಿಮ್ಮ ಮನೆಯ ಗೋಡೆ ಯಾವ ಕಲ್ಲಿನದು? ಹೆಚ್ಚಿನವರು ‘ಚಿರೇಕಲ್ಲು’ ಎನ್ನುತ್ತೀರಿ. ಕೆಂಪು ಬಣ್ಣ, ಮೈತುಂಬ ತೂತು. ಬೇರೆ ಕಡೆಯವರು ಇದನ್ನೇ ಕೆಂಪುಕಲ್ಲು, ಮುರಕಲ್ಲು ಎಂದು ಕರೆಯುತ್ತಾರೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನಿಮ್ಮ ಕರಾವಳಿಯಲ್ಲಿ ಊರೂರು ಸುತ್ತಿದ್ದ. ಅದಕ್ಕೆ ಸ್ವಲ್ಪ ಮೊದಲು ಮಲಬಾರಿನಲ್ಲಿ ಇಂಥದೇ ಕಲ್ಲನ್ನು ಕಂಡು ಬೆರಗಾಗಿದ್ದ. ನೆಲದೊಳಗೆ ಇರುವಷ್ಟು ದಿನ ಅದು ಮೆತ್ತಗೆ. ಕಡಿದು ಗಾಳಿಗೆ ಇಟ್ಟರೆ ಗಟ್ಟಿ! 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅವನು ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಅದೇ ಹೆಸರನ್ನು ಬಳಸುತ್ತಾರೆ.

ನೆಲದಲ್ಲಿ ಮೆತ್ತಗಿರುವುದರಿಂದಲೇ ಚಿರೇಕಲ್ಲನ್ನು ಹಿಂದೆ ಕೈಯಿಂದಲೇ ಕಡಿಯುತ್ತಿದ್ದರು. ಟಕ್, ಟಕ್ ಎಂದು ಉಳಿ-ಕೊಡಲಿಯ ಸದ್ದು, ನಡುವೆ ಒಂದಿಷ್ಟು ಮಾತು. ಈಗ ಕಲ್ಲುಕ್ವಾರಿಗೆ ಯಂತ್ರ ಬಂದಿದೆ. ಗುಂಡನೆಯ ಉಕ್ಕಿನ ಅಲಗು ಗಿರ್ರನೆ ತಿರುಗುತ್ತ ನೆಲವನ್ನೇ ಸೀಳುತ್ತದೆ. ಕೆಲಸ ಎಷ್ಟೋ ಹಗುರಾಗಿದೆ, ಬೇಗ ಮುಗಿಯುತ್ತದೆ. ಆದರೆ ಎರಡು ಹೊಸ ತೊಂದರೆಗಳೂ ಜೊತೆಗೆ ಬಂದಿವೆ. ಒಂದು ಕೆಂಪು ದೂಳು, ಇನ್ನೊಂದು ಸದ್ದು. ದೂಳು ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಾಗುತ್ತದೆ. ಹಾಗಾಗಿ ಕೆಲಸದವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಸದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

“ಮಾವ, ಇಷ್ಟು ಸದ್ದಿಗೆ ಕಿವಿ ಹಾಳಾಗೋದಿಲ್ವಾ?” ಎಂದು ಅಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. “ಮೊದ್‌ಮೊದಲು ಕಷ್ಟ ಆಗ್ತಿತ್ತು ತಮಾ, ಈಗ ರೂಢಿಯಾಗದೆ” ಎನ್ನುವ ಉತ್ತರ ಬಂದರೆ ಆಶ್ಚರ್ಯವಿಲ್ಲ. ಕೊಡಲಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುತ್ತದೆ, ಆಮೇಲೆ ಬೊಬ್ಬೆ ಏಳುವುದಿಲ್ಲ. ಕಿವಿಯೂ ಹಾಗೆಯೇ ಗಟ್ಟಿಯಾಗುತ್ತದೆಯೇ? ಬನ್ನಿ, ಒಳಗೆ ಇಣುಕೋಣ.

ಕಿವಿಯ ಒಳಗೆ

ಸದ್ದು ಎಂದರೆ ಗಾಳಿಯ ನಡುಕ. ಅದು ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ ಕೊಳವೆಯೊಳಗೆ ಹೋಗಿ ಕಿವಿತಮಟೆಗೆ ಬಡಿಯುತ್ತದೆ. ತಮಟೆ ನಡುಗಿದರೆ ಅದರ ಹಿಂದೆ ಒಂದಕ್ಕೊಂದು ಜೋಡಿಸಿಕೊಂಡ ಮೂರು ಪುಟ್ಟ ಮೂಳೆಗಳೂ ಅಲುಗುತ್ತವೆ. ಅವುಗಳ ಹೆಸರು ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಮೂಳೆಯ ಉದ್ದ ಸುಮಾರು 3 ಮಿಲಿಮೀಟರ್ ಅಷ್ಟೇ. ನಿಮ್ಮ ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ.

ರಿಕಾಪು ಆ ನಡುಕವನ್ನು ಕಾಕ್ಲಿಯಾ ಎಂಬ ಭಾಗಕ್ಕೆ ದಾಟಿಸುತ್ತದೆ. ಕಾಕ್ಲಿಯಾ ಸುರುಳಿ ಸುತ್ತಿದ ಕೊಳವೆ. ಎರಡೂವರೆ ಸುತ್ತಿಗೂ ಸ್ವಲ್ಪ ಹೆಚ್ಚಿದೆ. ಬಿಚ್ಚಿ ಉದ್ದಕ್ಕೆ ಹಿಡಿದರೆ ಮೂರೂವರೆ ಸೆಂಟಿಮೀಟರ್ ಆದೀತು. ಅದರ ತುಂಬ ದ್ರವ. ದ್ರವದಲ್ಲಿ ಸಾಲಾಗಿ ನಿಂತಿರುವವೇ ಕೇಳುವ ಕೋಶಗಳು. ಅವುಗಳ ತಲೆಯ ಮೇಲೆ ಕೂದಲಿಗಿಂತ ಎಷ್ಟೋ ಪಟ್ಟು ಸಪೂರವಾದ ಎಳೆಗಳ ಗೊಂಚಲು ಇರುವುದರಿಂದ ಅವಕ್ಕೆ ಕೂದಲು ಕೋಶಗಳು ಎಂದು ಹೆಸರು. ದ್ರವದ ಅಲೆಗೆ ಗೊಂಚಲು ಬಾಗುತ್ತದೆ, ಕೋಶದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ನರ ಅದನ್ನು ಮಿದುಳಿಗೆ ಒಯ್ಯುತ್ತದೆ. ಆಗ ‘ಓ, ಅಮ್ಮ ಕರೆದಳು’ ಎಂದು ನಿಮಗೆ ತಿಳಿಯುತ್ತದೆ.

ಇಂಥ ಕೋಶಗಳು ಒಂದು ಕಿವಿಯಲ್ಲಿ ಎಷ್ಟಿರಬಹುದು? ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹನ್ನೆರಡು ಕೋಟಿಯ ಆಸುಪಾಸು ಇವೆ. ಕಿವಿಗೆ ಸಿಕ್ಕಿರುವುದು ಬರೀ 15-16 ಸಾವಿರ. ಕುಮಟಾ ಪಟ್ಟಣದ ಜನರಿಗಿಂತ ಕಡಿಮೆ! ಅಷ್ಟರಲ್ಲೇ ಅದು ಪಿಸುಮಾತನ್ನೂ ಗುಡುಗನ್ನೂ ಕೇಳಬೇಕು.

ಅವುಗಳಲ್ಲಿ ಕೆಲಸ ಹಂಚಿಕೆಯೂ ಉಂಟು. ಕಾಕ್ಲಿಯಾದ ಬಾಗಿಲ ಬಳಿ ಇರುವವು ‘ಕೀಚ್’ ಎನ್ನುವ ಎತ್ತರದ ಸ್ವರಗಳಿಗೆ, ಸುರುಳಿಯ ಒಳತುದಿಯಲ್ಲಿ ಇರುವವು ‘ಗುಂ’ ಎನ್ನುವ ತಗ್ಗು ಸ್ವರಗಳಿಗೆ. ಅಲೆ ಯಾವ ಸ್ವರಕ್ಕೆ ಎಲ್ಲಿ ಹೆಚ್ಚು ಏಳುತ್ತದೆ ಎಂಬುದನ್ನು ಹಂಗೇರಿಯಲ್ಲಿ ಹುಟ್ಟಿದ ವಿಜ್ಞಾನಿ ಗಿಯೋರ್ಗ್ ಫಾನ್ ಬೆಕೆಶಿ ಕಂಡುಹಿಡಿದರು. ಅದಕ್ಕೆ 1961ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಸದ್ದು ಹೆಚ್ಚಾದರೆ

ಸದ್ದು ಮಿತಿಮೀರಿದರೆ, ಅಥವಾ ಬಹಳ ಹೊತ್ತು ಬಿಡದೆ ಇದ್ದರೆ, ಕೂದಲು ಕೋಶಗಳು ದಣಿಯುತ್ತವೆ. ಗೊಂಚಲಿನ ಎಳೆಗಳು ಒರಗುತ್ತವೆ. ಅತಿಯಾದ ದುಡಿಮೆಯಿಂದ ಕೋಶದೊಳಗೇ ಹಾನಿ ಮಾಡುವ ರಾಸಾಯನಿಕಗಳು ತುಂಬಿಕೊಳ್ಳುತ್ತವೆ. ಸಂಜೆ ಮನೆಗೆ ಬಂದಾಗ ಕಿವಿ ಗುಂಯ್ ಎನ್ನುತ್ತದೆ, ಹತ್ತಿ ತುರುಕಿದ ಹಾಗಿರುತ್ತದೆ. ರಾತ್ರಿ ಮಲಗಿ ಎದ್ದರೆ ಮತ್ತೆ ಸರಿ. ‘ಏನೂ ಆಗಿಲ್ಲ’ ಎಂದುಕೊಂಡು ಮಾರನೆಯ ದಿನ ಮತ್ತೆ ಕೆಲಸಕ್ಕೆ.

ನಿಜವಾಗಿ ಏನೂ ಆಗಿಲ್ಲವೇ? 2009ರಲ್ಲಿ ಅಮೆರಿಕದ ಶ್ಯಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಎರಡು ಗಂಟೆ ಜೋರು ಸದ್ದು ಕೇಳಿಸಿ ನೋಡಿದರು. ಕೆಲವು ದಿನಗಳಲ್ಲಿ ಇಲಿಗಳ ಕಿವಿ ಮೊದಲಿನಂತೆಯೇ ಸಣ್ಣ ಸದ್ದನ್ನೂ ಹಿಡಿಯತೊಡಗಿತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೇರೆಯದೇ ಸಂಗತಿ ಕಂಡಿತು. ಕೂದಲು ಕೋಶಗಳು ಹಾಗೆಯೇ ಇದ್ದವು, ಆದರೆ ಕಾಕ್ಲಿಯಾದ ಕೆಲವು ಭಾಗಗಳಲ್ಲಿ ಅವನ್ನು ನರಕ್ಕೆ ಜೋಡಿಸುವ ಕೊಂಡಿಗಳಲ್ಲಿ ಅರ್ಧದಷ್ಟು ಕಳಚಿಹೋಗಿದ್ದವು. ಬೆಳಿಗ್ಗೆ ಕಿವಿ ಸರಿಯಾಯಿತು ಎಂಬುದನ್ನು ಪೂರ್ತಿ ನಂಬುವಂತಿಲ್ಲ ಎಂದಾಯಿತು.

ದಿನವೂ ಹೀಗೇ ನಡೆದರೆ ಕೋಶಗಳೇ ಸಾಯುತ್ತವೆ. ನಮ್ಮ ಕಿವಿಯಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಅಂಗಳದಲ್ಲಿ ಕೆದಕುತ್ತಿರುವ ಕೋಳಿಗಾದರೋ ಹೊಸದನ್ನು ಬೆಳೆಸುವ ಶಕ್ತಿ ಇದೆ. ಸದ್ದಿನಿಂದ ಹಾಳಾದ ಅದರ ಕೂದಲು ಕೋಶಗಳು ಮತ್ತೆ ಬೆಳೆಯುತ್ತವೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಕೋಳಿಗೆ ಸಾಧ್ಯವಾದದ್ದು ನಮಗೇಕಿಲ್ಲ ಎಂಬುದು ಇಂದಿಗೂ ವಿಜ್ಞಾನಿಗಳ ತಲೆ ತಿನ್ನುವ ಪ್ರಶ್ನೆ.

ಅಂಗೈಯಂತೆ ಕಿವಿ ಜಡ್ಡುಗಟ್ಟುವುದಿಲ್ಲ ಎಂದು ಈಗ ತಿಳಿಯಿತಲ್ಲ? ‘ರೂಢಿಯಾಗದೆ’ ಎಂದು ಮಾವ ಹೇಳಿದ್ದು ಸುಳ್ಳಲ್ಲ. ಸದ್ದು ಅವರಿಗೆ ಮೊದಲಿನಷ್ಟು ಜೋರಾಗಿ ಕೇಳುತ್ತಿಲ್ಲ ಎಂಬುದು ನಿಜ. ಯಂತ್ರ ಮೆತ್ತಗಾಗಿಲ್ಲ, ಕೇಳುವ ಕೋಶಗಳು ಕಡಿಮೆಯಾಗುತ್ತಿರಬಹುದು.

‘ಸಾಕು’ ಎಂದರೆ ‘ಹಾಕು’

ಸದ್ದಿನಿಂದ ಬರುವ ಕಿವುಡು ಒಂದೇ ಏಟಿಗೆ ಎಲ್ಲ ಸ್ವರಗಳನ್ನೂ ನುಂಗುವುದಿಲ್ಲ. ಮೊದಲು ಹೊಡೆತ ಬೀಳುವುದು ಸೆಕೆಂಡಿಗೆ 4000 ಸಲ ನಡುಗುವ, ಅಂದರೆ 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಿಗೆ. ಮಳೆಗಾಲದ ರಾತ್ರಿ ತೋಟದಲ್ಲಿ ಒಂದೇ ಸಮನೆ ಕೂಗುವ ಹುಳುಗಳ ದನಿ ಇಂಥದು. ಆ ಕೂಗು ನಿಮಗೆ ಕಿವಿಗಡಚಿಕ್ಕುವಷ್ಟು ಕೇಳುತ್ತಿರುವಾಗ ಪಕ್ಕದಲ್ಲಿ ಕೂತ ದೊಡ್ಡವರಿಗೆ ಕೇಳದೇ ಇದ್ದರೆ ಸುಮ್ಮನೆ ಬಿಡಬೇಡಿ. ವಯಸ್ಸಾದ ಮೇಲೆ ಎಲ್ಲರಿಗೂ ಎತ್ತರದ ಸ್ವರ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಸದ್ದಿನ ಕೆಲಸ ಮಾಡಿದವರಿಗೆ ಅದು ಬೇಗ ಬರುತ್ತದೆ.

ಮಾತಿನಲ್ಲೂ ಎತ್ತರದ ಸ್ವರಗಳಿವೆ. ಅ, ಆ, ಉ, ಓ ಇವೆಲ್ಲ ತಗ್ಗಿನ, ಗಟ್ಟಿಯಾದ ದನಿಗಳು. ಸ, ಶ, ಚ ಇವುಗಳ ‘ಸ್ಸ್’, ‘ಶ್ಶ್’ ಎಂಬ ಉಸಿರು ಎತ್ತರದ್ದು, ಜೊತೆಗೆ ಮೆಲುವಾದದ್ದು. ಎತ್ತರ ಕೇಳದ ಕಿವಿಗೆ ಮಾತು ಬಂದದ್ದು ತಿಳಿಯುತ್ತದೆ, ಏನು ಮಾತು ಎಂದು ತಿಳಿಯುವುದಿಲ್ಲ. ಊಟಕ್ಕೆ ಕೂತಾಗ ನೀವು “ಸಾಕು” ಎನ್ನುತ್ತೀರಿ. ಅಜ್ಜನಿಗೆ ‘ಸ’ಕಾರ ಕೇಳದೆ “ಹಾಕು” ಎಂದಂತಾಗಿ ಇನ್ನೊಂದು ಸೌಟು ಅನ್ನ ಬೀಳುತ್ತದೆ! ಮನೆಯಲ್ಲಿ ಇದು ನಗುವ ವಿಷಯ. ಕೆಲಸದ ಜಾಗದಲ್ಲಿ “ಸರಿ” ಎಂದದ್ದನ್ನು “ಹರಿ” ಎಂದು ಕೇಳಿಸಿಕೊಂಡರೆ ಕಲ್ಲು ಜಾರಿ ಕಾಲ ಮೇಲೆ ಬಿದ್ದೀತು.

ಸದ್ದಿನ ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬಲ್. ಪಿಸುಮಾತು 30, ಸಾಮಾನ್ಯ ಮಾತು 60, ಕಬ್ಬಿಣ ಕತ್ತರಿಸುವ ಗ್ರೈಂಡರ್ 100ರ ಆಸುಪಾಸು, ಮರ ಕೊಯ್ಯುವ ಚೈನ್ ಗರಗಸ ಮತ್ತು ಬಂಡೆ ಒಡೆಯುವ ಜ್ಯಾಕ್‌ಹ್ಯಾಮರ್ ಅದಕ್ಕೂ ಮೇಲೆ. ಈ ಲೆಕ್ಕದಲ್ಲಿ ಒಂದು ಮೋಸ ಇದೆ, ಎಚ್ಚರ. 60ಕ್ಕಿಂತ 70 ಸ್ವಲ್ಪವೇ ಹೆಚ್ಚು ಎಂದುಕೊಳ್ಳಬೇಡಿ. ಡೆಸಿಬಲ್ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಬರೀ 3 ಏರಿದರೂ ಎರಡು ಪಟ್ಟು.

ಎರಡು ಪಟ್ಟು ಸದ್ದನ್ನು ಅರ್ಧ ಹೊತ್ತು ಮಾತ್ರ ತಾಳಬಹುದು. ಹೀಗೆ ಲೆಕ್ಕ ಹಾಕಿ ವಿಜ್ಞಾನಿಗಳು ದಿನದ ಮಿತಿ ಹೇಳಿದ್ದಾರೆ:

85 ಡೆಸಿಬಲ್: 8 ಗಂಟೆ
88 ಡೆಸಿಬಲ್: 4 ಗಂಟೆ
91 ಡೆಸಿಬಲ್: 2 ಗಂಟೆ
94 ಡೆಸಿಬಲ್: 1 ಗಂಟೆ
97 ಡೆಸಿಬಲ್: ಅರ್ಧ ಗಂಟೆ
100 ಡೆಸಿಬಲ್: ಕಾಲು ಗಂಟೆ

ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಗೆ 90 ಡೆಸಿಬಲ್ ಮಿತಿ ಎಂದು ಬಹುಕಾಲದಿಂದ ಬಂದಿದೆ. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವೈದ್ಯರು ಸರಕಾರಕ್ಕೆ ತಿಳಿಸಲೇಬೇಕಾದ ಕೆಲಸದ ಕಾಯಿಲೆಗಳ ಪಟ್ಟಿಯಲ್ಲಿ, ಸದ್ದಿನಿಂದ ಬರುವ ಕಿವುಡೂ ಸೇರಿತ್ತು. ಅಂದರೆ ಇದು ಹಣೆಬರಹ ಅಲ್ಲ, ಕೆಲಸದಿಂದ ಬರುವ, ತಡೆಯಬಹುದಾದ ಕಾಯಿಲೆ ಎಂದು ಕಾನೂನೇ ಒಪ್ಪಿದೆ.

ಈ ಕಾಯಿಲೆ ಹೊಸದೂ ಅಲ್ಲ. 1713ರಲ್ಲಿ ಇಟಲಿಯ ವೈದ್ಯ ರಾಮಜ್ಜೀನಿ, ವೆನಿಸ್ ಊರಿನ ತಾಮ್ರ ಬಡಿಯುವ ಕೆಲಸಗಾರರು ಕಿವುಡರಾಗುವುದನ್ನು ಕಂಡು ಬರೆದಿಟ್ಟಿದ್ದ. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ಎಂಬ ವೈದ್ಯ, ಹಡಗಿಗೆ ಬೇಕಾದ ಬಾಯ್ಲರ್ ತಯಾರಿಸುವ ನೂರು ಮಂದಿಯ ಕಿವಿ ಪರೀಕ್ಷಿಸಿದ. ಆಗ ಅಳೆಯುವ ಯಂತ್ರ ಎಲ್ಲಿತ್ತು? ಜೇಬುಗಡಿಯಾರದ ಟಿಕ್ ಟಿಕ್ ಎಷ್ಟು ದೂರದಿಂದ ಕೇಳುತ್ತದೆ ಎಂದು ನೋಡಿದ. ಹೆಚ್ಚಿನವರ ಕಿವಿ ಕೆಟ್ಟಿತ್ತು.

ನಿಮ್ಮ ಊರಿನ ಸದ್ದುಗಳು

ಚಿರೇಕಲ್ಲು ಕ್ವಾರಿಯನ್ನು ಆಗಲೇ ನೋಡಿದೆವು. ಇನ್ನೆಲ್ಲಿ ಸದ್ದಿನ ಕೆಲಸ ಇದೆ?

ಬಂದರಿಗೆ ಹೋಗೋಣ. ಭಟ್ಕಳ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ತದಡಿ. ಯಾಂತ್ರಿಕ ದೋಣಿಯ ಹೊಟ್ಟೆಯಲ್ಲಿ ಡೀಸೆಲ್ ಇಂಜಿನ್ ಇರುತ್ತದೆ. ಮುಚ್ಚಿದ ಚಿಕ್ಕ ಜಾಗ. ಸದ್ದು ಹಲಗೆಗೆ ಬಡಿದು ತಿರುಗಿ ಬರುತ್ತದೆ. ಅಲ್ಲಿ ಇಂಜಿನ್ ನೋಡಿಕೊಳ್ಳುವವರು ಕಡಲಲ್ಲಿ ಇರುವಷ್ಟು ದಿನವೂ ಅದೇ ಸದ್ದಿನ ಹತ್ತಿರ ಇರಬೇಕು. ಕಾರ್ಖಾನೆಯವನಿಗೆ ಎಂಟು ಗಂಟೆ ಮುಗಿದರೆ ಮನೆಯಿದೆ, ದೋಣಿಯವನಿಗೆ ಮಲಗುವ ಜಾಗದಲ್ಲೂ ಇಂಜಿನ್ ಕೇಳುತ್ತದೆ. ದಣಿದ ಕೋಶಗಳಿಗೆ ವಿಶ್ರಾಂತಿ ಸಿಗುವುದೇ ಇಲ್ಲ.

ಸುರಂಗದ ಸದ್ದೂ ಇಂಥದೇ. 1998ರಲ್ಲಿ ದೇಶಕ್ಕೆ ಒಪ್ಪಿಸಿದ ಕೊಂಕಣ ರೈಲುಮಾರ್ಗ ನಿಮಗೆ ಗೊತ್ತು. ಆ ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ ಎಂದು ಹೆಮ್ಮೆಯಿಂದ ಹೇಳುತ್ತೇವೆ, ಅವನ್ನು ಕೊರೆದವರ ಕಿವಿಯ ಬಗ್ಗೆ ಹೇಳುವುದಿಲ್ಲ. ಬಂಡೆಗೆ ತೂತು ಕೊರೆಯುವ ಯಂತ್ರದ ಸದ್ದು ಬಯಲಲ್ಲಾದರೆ ಹರಡಿ ಹೋಗುತ್ತದೆ, ಸುರಂಗದಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ಗುಡ್ಡ ಕಡಿದದ್ದನ್ನು ನಿಮ್ಮಲ್ಲಿ ಬಹಳ ಮಂದಿ ಕಂಡಿದ್ದೀರಿ, ಅಲ್ಲೂ ಯಂತ್ರಗಳ ಸದ್ದೇ.

ಇನ್ನೊಂದು ಜಾಗ ನಿಮಗೆ ಹೊಳೆಯಲಿಕ್ಕಿಲ್ಲ. ಯಕ್ಷಗಾನದ ರಂಗಸ್ಥಳ! 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ್ದು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ. ನಿಮ್ಮ ಮೂರೂ ತಾಲೂಕಿಗೆ ಚಂಡೆಯ ಸದ್ದೆಂದರೆ ಹಬ್ಬ. ಆದರೆ ಕೂದಲು ಕೋಶಕ್ಕೆ ಇಂಪು, ಕರ್ಕಶ ಎಂಬ ಭೇದ ತಿಳಿಯದು. ಅದಕ್ಕೆ ಗೊತ್ತಿರುವುದು ಎಷ್ಟು ಜೋರು, ಎಷ್ಟು ಹೊತ್ತು ಎಂಬುದಷ್ಟೇ. ಚಂಡೆ ಬಾರಿಸುವವರಿಗೂ ಧ್ವನಿವರ್ಧಕದ ಎದುರೇ ಚಾಪೆ ಹಾಸಿ ಕೂರುವ ಮಕ್ಕಳಿಗೂ ಡೆಸಿಬಲ್ಲಿನ ಲೆಕ್ಕ ಒಂದೇ.

ಅಳೆಯುವ ಯಂತ್ರ ಇಲ್ಲದಿದ್ದರೆ ತೋಳನ್ನೇ ಬಳಸಿ. ತೋಳು ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾದರೆ, ಅಲ್ಲಿನ ಸದ್ದು 85 ಡೆಸಿಬಲ್ ಮುಟ್ಟಿದೆ ಎಂದು ತಿಳಿಯಿರಿ.

ತಡೆಯುವುದು ಎಲ್ಲಿ?

ಸದ್ದನ್ನು ಮೂರು ಕಡೆ ತಡೆಯಬಹುದು.

ಮೊದಲನೆಯದು, ಅದು ಹುಟ್ಟುವ ಕಡೆ. ಇದೇ ಎಲ್ಲಕ್ಕಿಂತ ಒಳ್ಳೆಯದು. ಮೊಂಡು ಅಲಗು ಹೆಚ್ಚು ಕಿರುಚುತ್ತದೆ, ಹರಿತವಾದದ್ದು ಕಡಿಮೆ. ಸಡಿಲ ಬೋಲ್ಟು, ಒಣಗಿದ ಬೇರಿಂಗು, ಒಡೆದ ಸೈಲೆನ್ಸರು ಎಲ್ಲವೂ ಸದ್ದಿನ ಮನೆಗಳು. ಇಂಜಿನ್ನಿನ ಕೆಳಗೆ ದಪ್ಪ ರಬ್ಬರ್ ಹಾಕಿದರೆ ನಡುಕ ಹಲಗೆಗೆ ದಾಟುವುದು ತಗ್ಗುತ್ತದೆ. ಇದನ್ನೆಲ್ಲ ಮಾಡಿಸಬೇಕಾದವರು ಯಂತ್ರದ ಒಡೆಯರು.

ಎರಡನೆಯದು, ದಾರಿಯಲ್ಲಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಯಂತ್ರದಿಂದ 2 ಮೀಟರ್ ದೂರದಲ್ಲಿ 100 ಡೆಸಿಬಲ್ ಇದ್ದರೆ 4 ಮೀಟರಿನಲ್ಲಿ 94, 8 ಮೀಟರಿನಲ್ಲಿ 88. ಮೇಲಿನ ಪಟ್ಟಿ ನೋಡಿ, ಕಾಲು ಗಂಟೆಯ ಮಿತಿ ನಾಲ್ಕು ಗಂಟೆಗೆ ಏರಿತು! ಊಟಕ್ಕೆ, ಚಹಾಕ್ಕೆ ಯಂತ್ರದ ಪಕ್ಕದಲ್ಲೇ ಕೂರದೆ ನಾಲ್ಕು ಹೆಜ್ಜೆ ಆಚೆ ಹೋದರೂ ಲಾಭವೇ. ಯಂತ್ರದ ಹತ್ತಿರದ ಕೆಲಸವನ್ನು ಒಬ್ಬರೇ ಮಾಡದೆ ಸರದಿಯಲ್ಲಿ ಹಂಚಿಕೊಳ್ಳಬಹುದು.

ಮೂರನೆಯದು, ಕಿವಿಯ ಬಾಗಿಲಲ್ಲಿ. ಕಿವಿಯೊಳಗೆ ಹಾಕುವ ಇಯರ್‌ಪ್ಲಗ್, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಇದಕ್ಕೇ ಇವೆ. ಬರೀ ಹತ್ತಿಯೋ ತಲೆಗೆ ಸುತ್ತಿದ ಟವೆಲೋ ಸಾಲದು, ಅವುಗಳ ಎಳೆಗಳ ನಡುವಿನಿಂದ ಸದ್ದು ನುಸುಳುತ್ತದೆ. ಸ್ಪಂಜಿನಂಥ ಇಯರ್‌ಪ್ಲಗ್ ಹಾಕುವುದಕ್ಕೆ ಒಂದು ಕ್ರಮ ಇದೆ. ಕೈ ತೊಳೆದುಕೊಳ್ಳಬೇಕು. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಪೂರ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳಗಿನ ಕೊಳವೆ ನೆಟ್ಟಗಾಗುತ್ತದೆ. ಪ್ಲಗ್ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ನಮ್ಮ ದನಿ ನಮಗೇ ಕೊಡದೊಳಗಿಂದ ಬಂದಂತೆ ಕೇಳುತ್ತದೆ.

“ಕಿವಿ ಮುಚ್ಚಿಕೊಂಡ್ರೆ ಲಾರಿ ಹಾರ್ನ್ ಕೇಳೋದಿಲ್ಲ” ಎಂದು ಕೆಲವರು ಹೇಳುತ್ತಾರೆ. ಪ್ಲಗ್ ಯಂತ್ರದ ಸದ್ದನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ. ಹಾಗಾಗಿ ಒಳ್ಳೆಯ ಕಿವಿ ಇದ್ದವರಿಗೆ ದೊಡ್ಡ ಸದ್ದಿನ ನಡುವೆ ಹಾರ್ನ್ ಮೊದಲಿನಷ್ಟೇ ಬೇರೆಯಾಗಿ ಕೇಳುತ್ತದೆ. ಆಗಲೇ ಕಿವಿ ಮಂದವಾದವರಿಗೆ ಮಾತ್ರ ಇದು ನಿಜವಾದ ಕಷ್ಟ. ಅವರಿಗೆ ಕೈಸನ್ನೆಯೋ ದೀಪದ ಸೂಚನೆಯೋ ಬೇಕು.

ಕಿವಿ ಪರೀಕ್ಷೆಗೆ ನೋವಿಲ್ಲ. ಹೆಡ್‌ಫೋನ್ ಹಾಕಿ ಬೇರೆ ಬೇರೆ ಸ್ವರಗಳನ್ನು ಮೆಲ್ಲಗೆ ಕೇಳಿಸುತ್ತಾರೆ, ಕೇಳಿದಾಗ ಗುಂಡಿ ಒತ್ತಬೇಕು. ಸಿಗುವ ನಕ್ಷೆಯಲ್ಲಿ 4000 ಹರ್ಟ್ಸ್ ಬಳಿ ಗೆರೆ ತಗ್ಗಿಗೆ ಬಿದ್ದು ಮತ್ತೆ ಏರಿದರೆ ಅದು ಸದ್ದಿನ ಗುರುತು ಎಂದು ಪರೀಕ್ಷಿಸುವವರು ಅನುಮಾನಿಸುತ್ತಾರೆ. ಇಂಥ ಪರೀಕ್ಷೆ ಮಾಡುವವರನ್ನು ತಯಾರು ಮಾಡುವ ದೇಶದ ಹೆಸರಾಂತ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಅದು 1960ರ ದಶಕದಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ.

ಮಾಡಿ ನೋಡಿ

ಮನೆಯಲ್ಲಿ ಸದ್ದಿನ ಕೆಲಸಕ್ಕೆ ಹೋಗುವವರು ಇದ್ದಾರೆಯೇ? ಬೆಳಿಗ್ಗೆ ಅವರು ಹೊರಡುವ ಮುಂಚೆ ರೇಡಿಯೋ ಅಥವಾ ಟಿವಿಯನ್ನು ಅವರಿಗೆ ಮಾತು ಅರ್ಥವಾಗುವಷ್ಟು ಮಾತ್ರ ಸಣ್ಣಗೆ ಇಡಿ. ಆ ಅಂಕೆ ಬರೆದುಕೊಳ್ಳಿ. ಸಂಜೆ ಅವರು ಬಂದ ಕೂಡಲೇ ಅದೇ ಅಂಕೆಯಲ್ಲಿ ಹಚ್ಚಿ. ಈಗ ಮಾತು ಅರ್ಥವಾಗದಿದ್ದರೆ ಆ ದಿನದ ಸದ್ದು ಕಿವಿಯನ್ನು ದಣಿಸಿದೆ. ನೆನಪಿಡಿ, ಸದ್ದು ನೋಡಲೆಂದು ನೀವು ಮಾತ್ರ ಕ್ವಾರಿಗೋ ಇಂಜಿನ್ ಕೋಣೆಗೋ ಹೋಗಬೇಡಿ.

ಲೆಕ್ಕ ಬಿಡಿಸಿ

ಒಬ್ಬರು 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡುತ್ತಾರೆ. ಅವರು ಹಾಕಿದ ಇಯರ್‌ಪ್ಲಗ್ 25 ಡೆಸಿಬಲ್ ತಗ್ಗಿಸುತ್ತದೆ. 7 ಗಂಟೆ ತಪ್ಪದೆ ಹಾಕಿಕೊಂಡರು. ಸೆಖೆ ಎಂದು ಕೊನೆಯ 1 ಗಂಟೆ ತೆಗೆದಿಟ್ಟರು. ಅವರ ಕಿವಿಗೆ ಆ ದಿನ ಎಷ್ಟು ದಿನದ ಮಿತಿಯಷ್ಟು ಸದ್ದು ಬಿತ್ತು?

ಉತ್ತರ: ಪ್ಲಗ್ ಇದ್ದಾಗ ಕಿವಿಗೆ ಬಿದ್ದದ್ದು 75 ಡೆಸಿಬಲ್, ಅದರಿಂದ ಭಯವಿಲ್ಲ. ಪ್ಲಗ್ ಇಲ್ಲದೆ 100 ಡೆಸಿಬಲ್ಲಿಗೆ ದಿನದ ಮಿತಿ ಕಾಲು ಗಂಟೆ. ಒಂದು ಗಂಟೆಯಲ್ಲಿ ನಾಲ್ಕು ಕಾಲು ಗಂಟೆಗಳು. ಏಳು ಗಂಟೆ ಜಾಗ್ರತೆಯಾಗಿದ್ದರೂ ಒಂದೇ ಗಂಟೆಯಲ್ಲಿ ನಾಲ್ಕು ದಿನದ ಮಿತಿಯಷ್ಟು ಸದ್ದು ಕಿವಿಗೆ ಬಿತ್ತು. ಮನೆಯಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿ. “ಹಾಕ್ಕೊಳ್ಳಿ” ಎಂದು ಹತ್ತು ಸಲ ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.